ಎದೆಯೋ, ಸೇತುವೆಯೋ

ಮೇ 14, ಬುಧವಾರ

ನೋವು: ಇಲ್ಲ.

ಈ ಪುಸ್ತಕ ಆಸ್ಪತ್ರೆಯವರು ಕೊಟ್ಟದ್ದು. ನಿನ್ನೆ ಮನೆಗೆ ಕಳಿಸುವಾಗ ನರ್ಸ್ ಕೈಗಿಟ್ಟಳು. ಎದೆನೋವು ಬಂದರೆ ಎಷ್ಟು ಹೊತ್ತಿಗೆ ಬಂತು, ಆಗ ಏನು ಮಾಡುತ್ತಿದ್ದೆ ಎಂದು ಬರೆಯಬೇಕಂತೆ. ಬರದಿದ್ದರೆ 'ಇಲ್ಲ' ಎಂದು ಬರೆಯಬೇಕಂತೆ. ಮೊದಲ ಪುಟದಲ್ಲಿ ಹೆಸರು, ವಯಸ್ಸು, ಉದ್ಯೋಗ ಕೇಳಿದ್ದಾರೆ. ವೆಸ್ಲಿ ಕಾಂಗಸ್, ಅರವತ್ತೊಂದು, ಶಾಲೆಯ ಬಸ್ ಚಾಲಕ, ಸೇಂಟ್ ಇಗ್ನೇಸ್. ತುಂಬಿದ್ದಾಯಿತು.

ಮೂರು ವಾರ ಬಸ್ಸು ಮುಟ್ಟಬಾರದು ಅಂದಿದ್ದಾರೆ. ಕೈಗೆ ಕೆಲಸವಿಲ್ಲ, ಹಾಳೆಗಳು ಬೇಕಾದಷ್ಟಿವೆ. ಸೋಮವಾರ ನಡೆದದ್ದನ್ನು ಬರೆದಿಡುತ್ತೇನೆ. ಊರಿನ ಕ್ಲಿನಿಕ್ಕಿಗೆ ತೋರಿಸುವ ದಿನ ಈ ಹಾಳೆಗಳನ್ನು ಕಿತ್ತು ಒಲೆಗೆ ಹಾಕಿದರಾಯಿತು.

ಎಂಟನೆಯ ತರಗತಿಯ ಹಾಡುವ ಮಕ್ಕಳನ್ನು ಸ್ಪರ್ಧೆಗೆಂದು ಪೆಟಾಸ್ಕಿಗೆ ಒಯ್ಯಬೇಕಿತ್ತು. ಸರೋವರದ ಆಚೆ ದಡದ ಊರು ಅದು. ದೊಡ್ಡ ಸೇತುವೆ ದಾಟುವ ಪ್ರಯಾಣವೆಲ್ಲ ಇನ್ನೊಬ್ಬ ಚಾಲಕ ಆರ್ವೋನದು. ಹಿಮ ಬೀಳುವ ತಿಂಗಳಲ್ಲಿ ಹಾಕಿ ತಂಡವನ್ನು ಪಶ್ಚಿಮದ ಊರುಗಳಿಗೆ ಒಯ್ಯುವ ತಾಪತ್ರಯವೆಲ್ಲ ನನ್ನದು. ಇಪ್ಪತ್ತಾರು ವರ್ಷದಿಂದ ನಮ್ಮಿಬ್ಬರದು ಇದೇ ಏರ್ಪಾಡು. ವೆಸ್ ದೊಡ್ಡ ಮನಸ್ಸಿನವನು, ಕಷ್ಟದ್ದನ್ನೆಲ್ಲ ತಾನೇ ಇಟ್ಟುಕೊಳ್ಳುತ್ತಾನೆ ಎಂದು ಊರಿನವರು ಹೇಳುತ್ತಾರೆ. ನಾನು ಒಂದು ದಿನವೂ ಅಲ್ಲಗಳೆದಿಲ್ಲ. ಸೋಮವಾರ ಬೆಳಿಗ್ಗೆ ಆರ್ವೋ ಜ್ವರ ಬಂದು ಮಲಗಿದ.

ಗಾಳಿ ಇತ್ತು. ಬಣ್ಣ ಬಳಿಯುವುದಕ್ಕೆಂದು ಹೊರಗಿನ ದಾರಿ ಮುಚ್ಚಿ, ಗಾಡಿಗಳನ್ನೆಲ್ಲ ಒಳಗಿನ ಕಬ್ಬಿಣದ ಜಾಲರಿಯ ಮೇಲೆ ಬಿಡುತ್ತಿದ್ದರು. ಜಾಲರಿಯ ಮೇಲೆ ಟಯರು ಗುಂಯ್ ಅನ್ನುತ್ತದೆ, ಸಂದಿಯಲ್ಲಿ ಇನ್ನೂರು ಅಡಿ ಕೆಳಗಿನ ನೀರು ಕಾಣುತ್ತದೆ. ನಟ್ಟನಡುವೆ ನನ್ನ ಕೈ ಸ್ಟಿಯರಿಂಗ್ ಚಕ್ರಕ್ಕೆ ಅಂಟಿಕೊಂಡಿತು. ಕಾಲು ಬ್ರೇಕಿನ ಮೇಲೆ ಕೂತದ್ದು ಏಳಲಿಲ್ಲ. ಹಿಂದೆ ಮೂವತ್ತೆಂಟು ಮಕ್ಕಳು. ಮೊದಲ ಸೀಟಿನಲ್ಲಿ ಟಿಲ್ಲಿ ಪೆರೋ ಎದ್ದು ನಿಂತು "ಮಿಸ್ಟರ್ ವೆಸ್" ಎಂದು ಕರೆಯುತ್ತಿದ್ದಳು. ಕೇಳಿಸುತ್ತಿತ್ತು, ತಿರುಗಲು ಆಗಲಿಲ್ಲ. ಉಸಿರು ಸಿಗುತ್ತಿರಲಿಲ್ಲ.

ಸೇತುವೆ ದಾಟಲಾಗದವರ ಗಾಡಿಯನ್ನು ತಾವೇ ಓಡಿಸಿ ದಾಟಿಸುವ ಜನ ಅಲ್ಲಿದ್ದಾರೆ. ಸುಂಕದ ಕಟ್ಟೆಯಲ್ಲಿ ಒಂದು ಮಾತು ಹೇಳಿದರೆ ಸಾಕು. ಬೇಸಗೆಯಲ್ಲಿ ಆಚೆ ದಡದ ದಕ್ಷಿಣದವರು ಹಾಗೆ ದಾಟಿ ಬರುವುದನ್ನು ನೋಡಿ ನಮ್ಮ ಕಡೆಯವರು ನಗುತ್ತೇವೆ. ಅವರಿಗೆ ನಾವಿಟ್ಟ ಹೆಸರೇ 'ಸೇತುವೆ ಕೆಳಗಿನವರು'. ನಾನು ಎಲ್ಲರಿಗಿಂತ ಜೋರಾಗಿ ನಕ್ಕಿದ್ದೇನೆ. ಸೋಮವಾರ ಅದೇ ಕಟ್ಟೆಯಲ್ಲಿ ಬಸ್ಸು ನಿಲ್ಲಿಸಿದಾಗ ಆ ಒಂದು ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಅವರಲ್ಲೊಬ್ಬ ಬಂದ. ಹಳದಿ ಅಂಗಿ, ನನ್ನಷ್ಟೇ ವಯಸ್ಸು. ಮೆಟ್ಟಿಲು ಹತ್ತಿ ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮಕ್ಕಳಿಗೆ ಕೇಳದ ಹಾಗೆ ಮೆಲ್ಲಗೆ ಕೇಳಿದ.

"ಎದೇನಾ, ಸೇತುವೇನಾ?"

"ಎದೆ," ಅಂದೆ.

ಅವನೇ ಬಸ್ಸನ್ನು ಆಚೆ ದಡ ಮುಟ್ಟಿಸಿದ. ಅಲ್ಲಿ ಆಂಬುಲೆನ್ಸು ಕಾದಿತ್ತು. ಮಕ್ಕಳೆಲ್ಲ ಕಿಟಕಿಗೆ ಮುಖ ಒತ್ತಿ ನೋಡಿದರು.

ಮೇ 15, ಗುರುವಾರ

ನೋವು: ಇಲ್ಲ.

ಪೆಟಾಸ್ಕಿಯ ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು ಎಲ್ಲ ಪರೀಕ್ಷೆ ಮಾಡಿದರು. ನನ್ನ ಎದೆ ನಲವತ್ತರವನ ಎದೆಯಂತಿದೆಯಂತೆ. ಡಾಕ್ಟರು ಅಭಿನಂದಿಸುವವರ ಹಾಗೆ ಹೇಳಿದರು. ಆದರೂ ಹುಷಾರಾಗಿರಲಿ ಎಂದು ಮೂರು ವಾರದ ರಜೆ, ಈ ಪುಸ್ತಕ.

ಎದೆ ಚೆನ್ನಾಗಿರುವವನು ಮನೆಗೆ ಬರಬೇಕಾದರೂ ಅದೇ ಸೇತುವೆ ದಾಟಬೇಕಲ್ಲ. ಲೋರ್ನಾ ಕಾರು ತಂದಳು. ಸೇತುವೆ ಹತ್ತಿರವಾದಾಗ ನಾನು ಹಿಂದಿನ ಸೀಟಿನ ಕೆಳಗೆ ಮಲಗಿ ಹಳೆಯ ಕೋಟನ್ನು ತಲೆಯ ಮೇಲೆಳೆದುಕೊಂಡೆ. ಜಾಲರಿಯ ಸದ್ದು ನನಗೆ ಕೇಳದಿರಲಿ ಎಂದು ಅವಳು ಐದು ಮೈಲಿಯೂ ಚರ್ಚಿನ ಹಾಡು ಹಾಡಿದಳು. ಮೊದಲಿಂದಲೂ ಹಾಗೆ. ನಮ್ಮ ಮದುವೆಯಾಗಿ ಮೂವತ್ತನಾಲ್ಕು ವರ್ಷ. ಅವಳ ಸ್ವರ ಈಗ ಮೊದಲಿನಂತಿಲ್ಲ.

ಹನ್ನೆರಡು ವರ್ಷದ ಹಿಂದೆ ಅವಳ ತಂಗಿ ತೀರಿಕೊಂಡಾಗ ಅವಳು ಒಬ್ಬಳೇ ದಾಟಿ ಹೋಗಿ ಮಣ್ಣು ಮಾಡಿ ಬಂದಳು. ನನ್ನ ಟ್ರಕ್ಕಿನ ಗೇರು ಮುರಿದಿದೆ ಎಂದು ಅವರ ಮನೆಯವರಿಗೆಲ್ಲ ಅವಳೇ ಹೇಳಿದಳು. ಮೊನ್ನೆ ಮನೆ ಮುಂದೆ ಕಾರು ನಿಲ್ಲಿಸಿ, ಕೋಟು ಮಡಚುತ್ತ ಹೇಳಿದ್ದು ಒಂದೇ ಮಾತು.

"ಈ ಸಲ ನಾನು ಸುಳ್ಳು ಹೇಳಲ್ಲ ವೆಸ್. ಯಾರಾದ್ರೂ ಕೇಳಿದ್ರೆ ಸುಮ್ನಿರ್ತೀನಿ, ಅಷ್ಟೇ."

ಮೇ 17, ಶನಿವಾರ

ನೋವು: ಇಲ್ಲ.

ಅಡುಗೆಮನೆಯಲ್ಲಿ ಹನ್ನೊಂದು ಗಾಜಿನ ಪಾತ್ರೆಗಳು. ಒಂದೊಂದರ ತಳದಲ್ಲೂ ಅಂಟುಪಟ್ಟಿ, ಅದರ ಮೇಲೆ ಕೊಟ್ಟವರ ಮನೆಯ ಹೆಸರು. ಸಾವಾಗಲಿ, ಹೆರಿಗೆಯಾಗಲಿ, ಕಾಯಿಲೆಯಾಗಲಿ, ನಮ್ಮೂರಿನವರು ಮೊದಲು ಓವನ್ ಹಚ್ಚುತ್ತಾರೆ. ಮೀನು ಬೆರೆಸಿದ ನೂಡಲ್ಸು, ಹಂದಿಮಾಂಸ ಹಾಕಿದ ಆಲೂಗಡ್ಡೆ, ಕಾಡಕ್ಕಿಯ ಜೊತೆ ಕೋಳಿ. ನಾಲ್ಕು ದಿನದಿಂದ ಎರಡು ಹೊತ್ತೂ ತಿನ್ನುತ್ತಿದ್ದೇನೆ. ಇಳಿಯದಿದ್ದರೂ ತಿನ್ನುತ್ತೇನೆ, ಚೆಲ್ಲುವ ಧೈರ್ಯವಿಲ್ಲ.

ಆರ್ವೋ ಬಂದಿದ್ದ. ಅರವತ್ತೆಂಟರ ಗಂಡಸು ಕುರ್ಚಿಯ ತುದಿಯಲ್ಲಿ ಕೂತು ಟೋಪಿ ತಿರುವುತ್ತಿದ್ದ. "ನಂಗೆ ಆ ದರಿದ್ರ ಜ್ವರ ಬರ್ದೇ ಇದ್ದಿದ್ರೆ ನಿನ್ನೆದೆ ನೆಟ್ಟಗಿರ್ತಿತ್ತು ಕಣೋ," ಅಂದ. ಹಾಗೆಲ್ಲ ಅನ್ನಬೇಡ ಅಂದೆ. ನನ್ನನ್ನು ನಗಿಸಬೇಕೆಂದು ಆಮೇಲೆ ಒಂದು ಸುದ್ದಿ ಹೇಳಿದ. ಮೊನ್ನೆ ಸೇತುವೆ ಕೆಳಗಿನವನೊಬ್ಬ, ಆರಡಿ ಆಳು, ಗಾಡಿಯನ್ನು ಸೇತುವೆಯವರ ಕೈಗೆ ಕೊಟ್ಟು ಹೆಂಡತಿಯ ಮಡಿಲಲ್ಲಿ ಮುಖ ಮುಚ್ಚಿಕೊಂಡು ದಾಟಿದನಂತೆ. ಆರ್ವೋ ತೊಡೆ ತಟ್ಟಿಕೊಂಡು ನಕ್ಕ. ನಾನೂ ನಕ್ಕೆ. ಲೋರ್ನಾ ಒಲೆಯ ಮುಂದೆ ನಿಂತಿದ್ದವಳು ತಿರುಗಲೇ ಇಲ್ಲ.

ಮೇ 18, ಭಾನುವಾರ

ನೋವು: ಇಲ್ಲ.

ಚರ್ಚಿನಲ್ಲಿ ನನ್ನ ಎದೆಗಾಗಿ ಪ್ರಾರ್ಥನೆ ಮಾಡಿದರು. ಎದ್ದು ನಿಲ್ಲಬೇಕೆಂದರು, ನಿಂತೆ.

ಮೇ 20, ಮಂಗಳವಾರ

ನೋವು: ಇಲ್ಲ.

ಹನ್ನೆರಡನೆಯ ಪಾತ್ರೆ ಜೋಲೀನ್ ಪೆರೋ ತಂದಳು. ಟಿಲ್ಲಿಯ ತಾಯಿ. ಮೇನ್ ಬೀದಿಯ ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ. ಕೂರು ಅಂದರೂ ಕೂರಲಿಲ್ಲ. ಹೇಗಿದ್ದೀರಿ, ಮಾತ್ರೆ ಏನು ಕೊಟ್ಟಿದ್ದಾರೆ ಎಂದು ಕೇಳಿ, ಹೊರಡುವಾಗ ಬಾಗಿಲಲ್ಲಿ ನಿಂತಳು.

"ಟಿಲ್ಲಿ ಬಸ್ ಹತ್ತಲ್ಲ ಅಂತಾಳೆ, ವೆಸ್. ಆರ್ವೋ ಓಡಿಸ್ತಾರೆ ಕಣೆ ಅಂದ್ರೆ, ಅವ್ರು ಮಿಸ್ಟರ್ ವೆಸ್‌ಗಿಂತ ವಯಸ್ಸಾದವ್ರಲ್ವಾ ಅಂತಾಳೆ. ನಾನೇ ಬಿಟ್ಟು ಬರ್ತೀನಿ. ಆದ್ರೆ ಕಾರಲ್ಲಿ ದಾರಿಯುದ್ದ ನಾನು ಮಾತಾಡ್ತಾನೇ ಇರ್ಬೇಕು. ಎರಡು ನಿಮಿಷ ಬಾಯಿ ಮುಚ್ಚಿದ್ರೆ ತೋಳು ಹಿಡ್ಕೊಂಡು ಅಲ್ಲಾಡಿಸ್ತಾಳೆ."

ದೂರುವ ದನಿಯಲ್ಲಿ ಹೇಳಲಿಲ್ಲ. ನಿಮ್ಮ ತಪ್ಪಲ್ಲ, ನಿಮಗೆ ತಿಳಿದಿರಲಿ ಅಂತ ಹೇಳಿದೆ ಅಂದಳು.

ಟಿಲ್ಲಿಯ ತಂದೆ ಡ್ವೇನ್ ರಸ್ತೆಯ ಹಿಮ ತಳ್ಳುವ ಟ್ರಕ್ಕು ಓಡಿಸುತ್ತಿದ್ದ. ಎರಡು ಚಳಿಗಾಲದ ಹಿಂದೆ ಶಾಲೆ ರಜೆಯ ಒಂದು ದಿನ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೋಗಿದ್ದ. ಚಕ್ರದ ಮೇಲೆ ಕೈಯಿದ್ದಂತೆಯೇ ಎದೆ ನಿಂತಿತು. ಟ್ರಕ್ಕು ಮೆಲ್ಲಗೆ ಹೋಗಿ ಹಿಮದ ಗುಡ್ಡೆಗೆ ಒರಗಿತು. ಅವನನ್ನು ಅಲ್ಲಾಡಿಸುತ್ತ ಅವಳು ಅರ್ಧ ಗಂಟೆ ಕೂತಿದ್ದಳು. ಅದಾದ ಮೇಲೆ ಬಸ್ಸಿನಲ್ಲಿ ಮೊದಲ ಸೀಟು ಬೇಕೆಂದು ಅವಳು ಕೇಳಿದಾಗ ಕೊಟ್ಟವನು ನಾನೇ.

ಇದನ್ನು ಹದಿನಾಲ್ಕನೆಯ ತಾರೀಖಿನ ಪುಟದಲ್ಲೇ ಬರೆಯಬೇಕಿತ್ತು. ಆಗಲೂ ನನಗೆ ಗೊತ್ತಿತ್ತು. ಸೇತುವೆಯ ಮೇಲೆ ಆ ಎರಡಕ್ಷರ ಹೇಳುವಾಗಲೂ ಗೊತ್ತಿತ್ತು.

ಮೇ 23, ಶುಕ್ರವಾರ

ನೋವು: ಇಲ್ಲ.

ಪಾತ್ರೆಗಳನ್ನು ತೊಳೆದು ಹಿಂದಿರುಗಿಸುವುದು ನನ್ನ ಪಾಲಿಗೆ ಬಂತು. ಬರಿ ಪಾತ್ರೆ ಕೊಡಬಾರದೆಂದು ಲೋರ್ನಾ ಒಂದೊಂದರಲ್ಲೂ ನಾಲ್ಕು ಬಿಸ್ಕತ್ತು ಇಟ್ಟಳು. ಮನೆಮನೆಗೂ ಹೋಗಿ ಎದೆಯ ಸಮಾಚಾರ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಚೆನ್ನಾಗಿ ಅಭ್ಯಾಸವಾಯಿತು. ಒಬ್ಬರ ಮನೆಯಲ್ಲಿ ಎಡ ತೋಳಿಗೂ ನೋವು ಇಳಿದಿತ್ತು ಅಂದುಬಿಟ್ಟೆ. ಯಾಕೆ ಅಂದೆನೋ ಗೊತ್ತಿಲ್ಲ.

ಪೆರೋ ಮನೆಯ ಪಾತ್ರೆ ಇನ್ನೂ ಇಲ್ಲೇ ಇದೆ.

ಮೇ 26, ಸೋಮವಾರ

ನೋವು: ಇಲ್ಲ.

ಇವತ್ತು ಹೋದವರನ್ನು ನೆನೆಯುವ ದಿನ. ಅಪ್ಪ ಅಮ್ಮನ ಸಮಾಧಿಯ ಕಲ್ಲಿನ ಮುಂದೆ ಹೂವಿನ ಗಿಡ ನೆಟ್ಟು, ನಲ್ಲಿಯಿಂದ ನೀರಿನ ಡಬ್ಬಿ ತುಂಬಿಕೊಂಡು ಏರು ಹತ್ತುತ್ತಿದ್ದೆ. ಡ್ವೇನನ ಕಲ್ಲಿನ ಹತ್ತಿರ ಜೋಲೀನ್, ಟಿಲ್ಲಿ ಇದ್ದರು. ನನ್ನನ್ನು ಕಂಡದ್ದೇ ಹುಡುಗಿ ಓಡಿ ಬಂದು ಡಬ್ಬಿಗೆ ಕೈ ಹಾಕಿದಳು.

"ನೀವು ಭಾರ ಎತ್ತಬಾರದು."

ಬೇಡ ಅಂದೆ. ಬಿಡಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು, ಕಾಲಿಗೆ ಬಡಿಸಿಕೊಂಡು, ಷೂ ಒದ್ದೆ ಮಾಡಿಕೊಂಡು ಹೊತ್ತಳು. ದಾರಿಯಲ್ಲಿ ಮೂರು ಸಲ ನಿಂತಳು. ಅದು ಅವಳಿಗೆ ದಣಿವಾದದ್ದಕ್ಕಲ್ಲ, ನಾನು ಸುಧಾರಿಸಿಕೊಳ್ಳಲಿ ಎಂದು. ಹದಿಮೂರು ವರ್ಷದ ಮಗುವಿನ ಹಿಂದೆ ನಾನು ಕೈ ಬೀಸಿಕೊಂಡು ನಡೆದೆ. ನನ್ನ ತಾಯಿಯ ಕಲ್ಲಿನ ಮುಂದೆ ಅವಳೇ ನೀರು ಹಾಕಿದಳು.

ಮೇ 27, ಮಂಗಳವಾರ

ನೋವು: ಇದೆ.

ಆಗ ಏನು ಮಾಡುತ್ತಿದ್ದೆ: ಏನೂ ಇಲ್ಲ.

ಮೇ 29, ಗುರುವಾರ

ನೋವು: ಇದೆ.

ಕೊನೆಗೂ ಪೆರೋ ಮನೆಗೆ ಪಾತ್ರೆ ಒಯ್ದೆ. ಜೋಲೀನ್ ಇನ್ನೂ ಬಂದಿರಲಿಲ್ಲ. ಟಿಲ್ಲಿ ಜಗಲಿಯ ಮೆಟ್ಟಿಲ ಮೇಲೆ ಲೆಕ್ಕದ ಪುಸ್ತಕ ಹರಡಿಕೊಂಡು ಕೂತಿದ್ದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅಲ್ಲಿ ನಿಂತಾಗ ಬಾಯಿಗೆ ಬಂದದ್ದು ಬೇರೆ. ದೊಡ್ಡ ಡಾಕ್ಟರು ಎಲ್ಲ ನೋಡಿದರು, ನನ್ನ ಎದೆಗೆ ಏನೂ ಆಗಿಲ್ಲ, ನಲವತ್ತರವನ ಎದೆಯಂತಿದೆಯಂತೆ, ಇನ್ನು ನೀನು ಬಸ್ಸು ಹತ್ತಬಹುದು ಅಂದೆ. ಅಂದದ್ದರಲ್ಲಿ ಒಂದು ಪದವೂ ಸುಳ್ಳಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟುಕೊಂಡೆ. ನಾನು ಎಂಥ ಜಾಣ.

ಅವಳು ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅಪ್ಪಂಗೂ ಹಾಗೇ ಹೇಳಿದ್ರು. ಅದಕ್ಕೆ ಒಂದು ವಾರ ಮುಂಚೆ."

ಬಿಸ್ಕತ್ತಿಗೆ ಥ್ಯಾಂಕ್ಸ್ ಎಂದು ಸೇರಿಸಿ ಪಾತ್ರೆಯನ್ನು ಮಡಿಲಿಗಿಟ್ಟುಕೊಂಡಳು. ಎದೆ ಚೆನ್ನಾಗಿದೆ ಎಂದಷ್ಟೂ ಅವಳಿಗೆ ಇನ್ನಷ್ಟು ದಿಗಿಲು. ಎದೆ ಅಲ್ಲವೇ ಅಲ್ಲ ಎಂದು ಹೇಳಬಲ್ಲವನು ಒಬ್ಬನೇ, ಅವನು ಮೆಟ್ಟಿಲು ಇಳಿದು ಓಡಿಬಂದ.

ಜೂನ್ 2, ಸೋಮವಾರ

ಕ್ಲಿನಿಕ್ಕಿಗೆ ಹೋಗಿದ್ದೆ. ಡಾಕ್ಟರ್ ಒಡೆಟ್ ನನ್ನ ಮಗಳ ವಯಸ್ಸಿನವಳು. ಪುಸ್ತಕ ತಂದಿದ್ದೀರಾ ಅಂದಳು, ಕೊಟ್ಟೆ. ಕೊಟ್ಟ ಮೇಲೆ ನೆನಪಾಯಿತು, ಹಾಳೆ ಕಿತ್ತಿರಲಿಲ್ಲ. ಆಕೆ ಆಗಲೇ ಓದಲು ತೊಡಗಿದ್ದಳು. ತಡೆಯಬಹುದಿತ್ತು. ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ.

ಓದಿ ಮುಗಿಸಿ ಆಕೆ ನಗಲಿಲ್ಲ. ಇದಕ್ಕೊಂದು ಹೆಸರಿದೆ ಎಂದು ಹೇಳಿದಳು, ನಾನು ಬರೆದುಕೊಳ್ಳಲಿಲ್ಲ. ಸೇತುವೆ ಬೀಳುವುದಿಲ್ಲ ಎಂದು ನನ್ನ ಬುದ್ಧಿಗೆ ಗೊತ್ತು, ಮೈಗೆ ಗೊತ್ತಿಲ್ಲ, ಮೈಗೆ ಅದು ಹುಲಿಯ ಮುಂದೆ ನಿಂತಂತೆ, ಅದಕ್ಕೇ ಉಸಿರು ಕಟ್ಟುತ್ತದೆ, ಕೈ ಬಿಗಿಯುತ್ತದೆ, ಅದನ್ನು ಬೈದರೆ ಹೋಗುವುದಿಲ್ಲ ಅಂದಳು. ಇಂಥವರು ಪ್ರತಿ ಊರಲ್ಲೂ ಇದ್ದಾರಂತೆ. ಕೆಲವರಿಗೆ ಲಿಫ್ಟು, ಕೆಲವರಿಗೆ ಸೂಜಿ, ಕೆಲವರಿಗೆ ಹಕ್ಕಿ. ಮುಚ್ಚಿಟ್ಟುಕೊಳ್ಳುವುದರಲ್ಲಿ ಎಲ್ಲರೂ ಗಟ್ಟಿಗರಂತೆ. ಟಿಲ್ಲಿಯದೂ ಅದೇ ಜಾತಿಯದು, ಆದರೆ ಇನ್ನೂ ಎಳೆಯದು ಅಂದಳು.

"ಹೆದರಿಕೆ ನೀವು ಮಾಡಿದ ತಪ್ಪಲ್ಲ, ಮಿಸ್ಟರ್ ಕಾಂಗಸ್. ಆ ಇನ್ನೊಂದು ಮಾತ್ರ ನೀವೇ ಮಾಡಿದ್ದು."

ಇನ್ನೊಂದು ಯಾವುದು ಎಂದು ನಾನು ಕೇಳಲಿಲ್ಲ.

ದಿನವೂ ದಡದ ಪಾರ್ಕಿನಲ್ಲಿ ಸೇತುವೆಗೆ ಮುಖ ಮಾಡಿ ಹತ್ತು ನಿಮಿಷ ಕೂರಬೇಕಂತೆ, ಮೈ ತಣ್ಣಗಾಗುವವರೆಗೆ ಏಳಬಾರದಂತೆ. ಸಂಜೆ ಹೋಗಿ ಕೂತೆ. ನಲವತ್ತು ನಿಮಿಷ ಹಿಡಿಯಿತು. ಲೋರ್ನಾ ಪಕ್ಕದಲ್ಲಿ ಆಲೂಗಡ್ಡೆ ಮಾಂಸ ತುಂಬಿದ ಪ್ಯಾಸ್ಟಿ ತಿನ್ನುತ್ತ, ಹಾಡದೆ ಕೂತಿದ್ದಳು.

ಜೂನ್ 3, ಮಂಗಳವಾರ

ಬೇಕರಿಗೆ ಹೋಗಿ ಜೋಲೀನಳಿಗೆ ಹೇಳಿದೆ. ಗಿರಾಕಿಗಳು ಯಾರೂ ಇರಲಿಲ್ಲ. ಎದೆಯಲ್ಲ, ಸೇತುವೆ, ಮೊದಲಿಂದಲೂ ಹೀಗೇ ಅಂದೆ. ಅವಳು ಬ್ರೆಡ್ಡು ಕೊಯ್ಯುವುದನ್ನು ನಿಲ್ಲಿಸಿದಳು. ಮುಖ ಕೆಂಪಾಯಿತು.

"ಮೂರು ವಾರದಿಂದ ನಾನು ಕಾರಲ್ಲಿ ಬಾಯಿ ಮುಚ್ಚಿಲ್ಲ ವೆಸ್. ಕೆಂಪು ದೀಪ ಅಂತೀನಿ, ಹಸಿರು ದೀಪ ಅಂತೀನಿ, ಅಗೋ ಅಂಚೆ ಕಚೇರಿ ಅಂತೀನಿ. ಗಂಡ ಸತ್ತ ದಿನಾನೂ ನಾನು ಅಷ್ಟು ಮಾತಾಡಿರ್ಲಿಲ್ಲ."

ಕ್ಷಮಿಸು ಅಂದೆ.

"ನನಗ್ಯಾಕೆ ಹೇಳ್ತೀರಿ. ಅವಳಿಗೆ ಹೇಳಿ. ನಾನಂತೂ ನಿಮ್ಮ ಪರವಾಗಿ ಹೇಳಲ್ಲ."

ಮತ್ತೆ ಬ್ರೆಡ್ಡು ಕೊಯ್ಯತೊಡಗಿದಳು. ನಾನು ನಿಂತೇ ಇದ್ದೆ. ಅವಳು ತಲೆಯೆತ್ತಿ ನೋಡಲಿಲ್ಲ.

ಜೂನ್ 4, ಬುಧವಾರ

ಕ್ಲಿನಿಕ್ಕಿನ ಕಾಗದವನ್ನು ಬಸ್ಸಿನ ಷೆಡ್ಡಿನಲ್ಲಿ ಕೊಟ್ಟೆ. ಬಸ್ಸು ಓಡಿಸಬಹುದು, ಸೇತುವೆಯ ಈಚೆಗೆ ಮಾತ್ರ ಎಂದು ಬರೆದಿದೆ. ಆರ್ವೋ ನನ್ನ ಭುಜದ ಮೇಲಿಂದ ಓದಿದ. ಆಮೇಲೆ ಅವನಿಗೂ ಎಲ್ಲ ಹೇಳಿದೆ. "ಹಂಗಾದ್ರೆ ಆ ಹಾಕಿ ಪ್ರಯಾಣ ಎಲ್ಲಾ ನನ್ನ ಮೇಲಿನ ಪ್ರೀತಿಗಲ್ಲ," ಅಂದ. ದಿನವೂ ಜೊತೆಯಲ್ಲಿ ಕಾಫಿ ಕುಡಿಯುತ್ತಿದ್ದೆವು. ಇವತ್ತು ಅವನ ಲೋಟ ಕೊಕ್ಕೆಯಲ್ಲೇ ಇತ್ತು.

ಪಾರ್ಕಿನಲ್ಲಿ ಇಪ್ಪತ್ತೈದು ನಿಮಿಷ.

ಜೂನ್ 6, ಶುಕ್ರವಾರ

ಇವತ್ತು ಶಾಲೆಯ ಕೊನೆಯ ದಿನ, ನನಗೆ ಬಸ್ಸು ಸಿಕ್ಕಿದ ಮೊದಲ ದಿನ. ಬೆಳಿಗ್ಗೆ ಪೆರೋ ಮನೆಯ ಮುಂದೆ ನಿಲ್ಲಿಸಿ ಬಾಗಿಲು ತೆರೆದೆ. ಒಂದು ನಿಮಿಷ ಕಾಯುವುದು ನಿಯಮ. ಯಾರೂ ಬರಲಿಲ್ಲ. ನಿಯಮ ಮೀರಿ ಇನ್ನೂ ಒಂದು ನಿಮಿಷ ಕಾದೆ. ಆಗ ಜೋಲೀನ್ ಜಗಲಿಗೆ ಬಂದು ಕೈ ಕಟ್ಟಿ ನಿಂತಳು. ಅವಳ ಹಿಂದಿನಿಂದ ಟಿಲ್ಲಿ ಚೀಲ ಹಾಕಿಕೊಂಡು ಇಳಿದು ಬಂದಳು. ನಾನೇ ಎದ್ದು ಹೋಗಿ ಕೆಳಗೆ, ಮೆಲ್ಲಗೆ, ಅವಳೊಬ್ಬಳಿಗೆ ಹೇಳಬೇಕೆಂದಿದ್ದೆ. ಅವಳು ಅವಕಾಶ ಕೊಡಲಿಲ್ಲ. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಂತಳು.

"ಮಿಸ್ಟರ್ ವೆಸ್, ಅಮ್ಮ ಹೇಳಿದ್ಲು, ನೀವು ನಂಗೇನೋ ಹೇಳ್ಬೇಕಂತೆ. ಹೇಳೋದೇನೂ ಬೇಡ. ನಾನೇ ಕೇಳ್ತೀನಿ. ಆವತ್ತು ಹಳದಿ ಅಂಗಿಯವ್ರು ಕೇಳಿದ್ದು ನಂಗೆ ಕೇಳಿಸ್ತು."

ಬಸ್ಸಿನಲ್ಲಿ ಮೂವತ್ತು ಮಕ್ಕಳಿದ್ದರು.

"ಎದೇನಾ, ಸೇತುವೇನಾ?"

"ಸೇತುವೆ," ಅಂದೆ. ಸ್ವರ ಹೊರಡಲಿಲ್ಲ. ಹಿಂದಿನಿಂದ ಯಾರೋ ಏನಂದರು ಎಂದು ಕೇಳಿದರು. ನಾನು ಸೀಟಿನಲ್ಲಿ ತಿರುಗಿ ಕೂತು ಕೊನೆಯ ಸಾಲಿಗೂ ಕೇಳುವಂತೆ ಹೇಳಿದೆ. "ಸೇತುವೆ. ನನ್ನ ಎದೆಗೆ ಏನೂ ಆಗಿರ್ಲಿಲ್ಲ. ನಂಗೆ ಸೇತುವೆ ಅಂದ್ರೆ ಹೆದರಿಕೆ. ಹೆದರಿಕೊಂಡು ಬಸ್ ನಿಲ್ಲಿಸ್ದೆ, ಆಮೇಲೆ ಸುಳ್ಳು ಹೇಳ್ದೆ."

ಒಬ್ಬ ಕಿಸಕ್ಕನೆ ನಕ್ಕ. ಅವನ ಜೊತೆ ಇನ್ನೂ ನಾಲ್ಕೈದು ಜನ ನಕ್ಕರು. ನನ್ನ ಕಿವಿಯವರೆಗೆ ಬಿಸಿಯೇರಿತು. ಸಂಜೆಯೊಳಗೆ ಊರೆಲ್ಲ ತಿಳಿದಿರುತ್ತದೆ. ಪ್ರಾರ್ಥನೆ ಮಾಡಿದವರಿಗೆ, ಹನ್ನೆರಡು ಪಾತ್ರೆಗಳವರಿಗೆ. ಟಿಲ್ಲಿ ನಗಲಿಲ್ಲ. ಸುಳ್ಳು ಈಗೇನಾದರೂ ಉಳಿದಿದೆಯೋ ಎಂದು ಹುಡುಕುವವಳ ಹಾಗೆ ನನ್ನ ಮುಖವನ್ನು ನೋಡಿದಳು. ಕೋಪದಿಂದ ಅವಳ ಗಲ್ಲ ನಡುಗುತ್ತಿತ್ತು.

"ಮೊದ್ಲೇ ಹೇಳ್ಬೇಕಿತ್ತು," ಅಂದಳು. ಆಮೇಲೆ ಹತ್ತಿದಳು.

ಮೊದಲ ಸೀಟಿನಲ್ಲಿ ಕೂರಲಿಲ್ಲ. ಅದನ್ನು ದಾಟಿ ಹೋಗಿ ಆರನೆಯ ಸಾಲಿನಲ್ಲಿ ಒಬ್ಬಳೇ ಕೂತಳು. ನನಗೆ ಸಿಗಬೇಕಾದದ್ದೇ ಸಿಕ್ಕಿತು. ಬಾಗಿಲು ಮುಚ್ಚಿ ಹೊರಟೆ. ಜೋಲೀನ್ ಜಗಲಿಯಿಂದ ಕದಲಲಿಲ್ಲ, ಕೈ ಬೀಸಲೂ ಇಲ್ಲ.

ಅಲ್ಲಿಂದ ಶಾಲೆಗೆ ಎಂಟು ನಿಮಿಷದ ದಾರಿ. ಕೆಂಪು ದೀಪ ಬಂತು, ಹಸಿರು ದೀಪ ಬಂತು, ಅಂಚೆ ಕಚೇರಿ ಬಂತು. ನಾನು ಒಂದು ಮಾತೂ ಆಡಲಿಲ್ಲ, ಆಡುವ ಮುಖವಿರಲಿಲ್ಲ. ಎರಡು ನಿಮಿಷಕ್ಕೊಮ್ಮೆ ಕನ್ನಡಿಯಲ್ಲಿ ಆರನೆಯ ಸಾಲನ್ನು ನೋಡುತ್ತಿದ್ದೆ. ಅವಳು ಒಮ್ಮೆಯೂ ಎದ್ದು ಬಂದು ನನ್ನ ತೋಳು ಹಿಡಿದು ಅಲ್ಲಾಡಿಸಲಿಲ್ಲ. ಕಿಟಕಿಗೆ ತಲೆ ಆನಿಸಿ ಹೊರಗೆ ನೋಡುತ್ತ ಕೂತಿದ್ದಳು.